ವಂದನಾರ್ಪಣೆಯ ಮೇಡಂ

ನಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಎಂಬುದು ನಾಲ್ಕು ಮಂದಿಗೆ ಗೊತ್ತಾಗಬಾರದು. ಗೊತ್ತಾಯಿತೋ, ನಮ್ಮ ಕಥೆ ಮುಗಿದಂತೆಯೇ. ನರಗುಂದದಲ್ಲಿರುವ ನನ್ನ ಸೋದರತ್ತೆ ಯಾರದೋ ಮದುವೆಯಲ್ಲಿ ಒಂದು ಸಲ ಹೂರಣವನ್ನು ಹದವಾಗಿ ರುಬ್ಬಿಕೊಟ್ಟಳಂತೆ. ಅಂದಿನಿಂದ ಬಂಧುಬಳಗದ ಯಾವ ಮದುವೆಯಲ್ಲೂ ಆಕೆ ಅಕ್ಷತೆ ಹಾಕಿದ್ದನ್ನು ಕಂಡವರಿಲ್ಲ. ಹೊರಗೆ ವಾಲಗ ಜೋರಾಗುವ ಹೊತ್ತಿಗೆ ಆಕೆ ಒಳಗೆ ಬೇಳೆ ಬಸಿಯುತ್ತಿರುತ್ತಾಳೆ. "ನೀವು ಇಲ್ಲಂದ್ರ ಹೋಳಿಗಿನ ಆಗೂದಿಲ್ಲ ನೋಡ್ರಿ" ಎಂದು ಬೀಗರೆಲ್ಲ ಹೊಗಳುತ್ತಾರೆ. ಹೊಗಳಿ ಹೊಗಳಿಯೇ ಆಕೆಯನ್ನು ಅಡುಗೆಮನೆಯಿಂದ ಹೊರಗೆ ಬಿಟ್ಟಿಲ್ಲ.

ನನಗೆ ಚೆನ್ನಾಗಿ ಬರುವ ಕೆಲಸ ವಂದನಾರ್ಪಣೆ. ರೋಣದ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಮೊದಲು ನೀರು ಕೊಡುತ್ತಾರೆ. ಕಾಲೇಜಿನ ಅತಿಥಿ ಉಳಿದವರಿಗೆಲ್ಲ ನೀರು ಕೊಡಬೇಕು, ಅಷ್ಟೇ ವ್ಯತ್ಯಾಸ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಮಾರಂಭ ನಡೆಯಿತು. ವಂದನಾರ್ಪಣೆ ಮಾಡಿದ ಸರ್ ಪೆಂಡಾಲಿನ ಮಾಲೀಕರ ಹೆಸರು ಹೇಳುವುದನ್ನು ಮರೆತರು. ಮಾಲೀಕರು ಮುಶಿಗೇರಿಯವರು, ಬಲು ಮಾನಿಷ್ಠರು. ಜಗಳವಾಡಲಿಲ್ಲ, ಕೂಗಾಡಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಹಿಂದೆ ಹೋಗಿ ಹಗ್ಗ ಬಿಚ್ಚತೊಡಗಿದರು. ಪೆಂಡಾಲಿನ ಅಂಚು ಮೆಲ್ಲಗೆ ಇಳಿದು ಬಂದು ಅಧ್ಯಕ್ಷರ ಸಾರಿನಲ್ಲಿ ಅದ್ದಿಕೊಂಡಿತು. ಪ್ರಾಂಶುಪಾಲರು ಓಡಿಹೋಗಿ ಕೇಳಿದರೆ, "ನಮ್ಮ ಹೆಸರು ಬ್ಯಾಡಂದ್ರ ನಮ್ಮ ಪೆಂಡಾಲ ಯಾಕ ಬೇಕ್ರೀ ನಿಮಗ?" ಎಂಬ ಉತ್ತರ ಬಂತು. ನನಗೇನು ಹೊಳೆಯಿತೋ, ಮೈಕಿನ ಬಳಿ ಓಡಿ ಅವರ ಹೆಸರು, ಅವರ ತಂದೆಯ ಹೆಸರು, ಅವರು ತಂದ ಕಂಬಗಳ ಗಟ್ಟಿತನ, ಎಲ್ಲವನ್ನೂ ಕೊಂಡಾಡಿದೆ. ಹಗ್ಗ ಮತ್ತೆ ಬಿಗಿಯಿತು. ಆ ಕ್ಷಣದಲ್ಲೇ ನನ್ನ ಹಣೆಬರಹವೂ ಬಿಗಿಯಿತು.

ಅಲ್ಲಿಂದ ನಾನು 'ವಂದನಾರ್ಪಣೆಯ ಮೇಡಂ'. ಯಾವ ಸಭೆಗೆ ಹೋದರೂ ನನಗೆ ಭಾಷಣ ಕಿವಿಗೆ ಬೀಳುವುದಿಲ್ಲ. ದೀಪದ ಬತ್ತಿ ಹೊಸೆದವರು ಯಾರು, ಕುರ್ಚಿ ಒರೆಸಿದವರು ಯಾರು ಎಂದು ಕಣ್ಣು ಹುಡುಕುತ್ತಿರುತ್ತದೆ. ಒಬ್ಬರ ಹೆಸರನ್ನೂ ಬಿಡುವುದಿಲ್ಲ ಎಂಬ ಕೀರ್ತಿ ನರಗುಂದದಿಂದ ಗಜೇಂದ್ರಗಡದವರೆಗೆ ಹಬ್ಬಿ, ಕೊನೆಗೆ ವಿಶ್ವವಿದ್ಯಾಲಯವನ್ನೂ ಮುಟ್ಟಿತು. ನಾನು ಪಿಎಚ್‌.ಡಿ. ಮಾಡಿದ್ದೇನೆಂಬ ಸುದ್ದಿ ಮಾತ್ರ ನಮ್ಮ ಸ್ಟಾಫ್ ರೂಮಿನ ಹೊಸ್ತಿಲನ್ನೂ ದಾಟಲಿಲ್ಲ.

ಈ ವಿಶ್ವವಿದ್ಯಾಲಯದವರು ನಮ್ಮ ವಾಟ್ಸಾಪ್ ಗುಂಪಿಗೆ ಆಗಾಗ 'ಮುಂಬರುವ ಸಂಶೋಧನಾ ಉಪನ್ಯಾಸಗಳು ಮತ್ತು ಕಾರ್ಯಾಗಾರಗಳು' ಎಂದು ಒಂದು ಪ್ರಕಟಣೆ ಹಾಕುತ್ತಾರೆ. ಓದಿದರೆ ಎದೆ ತುಂಬಿ ಬರುತ್ತದೆ. ಮರುಚಿಂತನೆ, ಪುನರವಲೋಕನ, ಅಂತರ್‌ಶಿಸ್ತೀಯ ಒಳನೋಟ. ಮೊದಲನೆಯ ಸಲದ ಚಿಂತನೆ ಯಾವಾಗ ಮುಗಿಯಿತೋ ಗೊತ್ತಿಲ್ಲ, ಎಲ್ಲೆಲ್ಲೂ ಮರುಚಿಂತನೆಯೇ ನಡೆದಿದೆ. ಅಲ್ಲಿಗೆ ಹೋದರೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಮತ್ತೆ ಶಾಲು. ಸಂಶೋಧನೆಗೆ ಸಿಗುವುದು ಚಹಾಕ್ಕೂ ಊಟಕ್ಕೂ ನಡುವಿನ ಚೂರುಪಾರು ಹೊತ್ತು. ಇಷ್ಟೆಲ್ಲ ಗೊತ್ತಿದ್ದರೂ ಆ ಪ್ರಕಟಣೆಯಲ್ಲಿ ಒಂದು ದಿನ ನನ್ನ ಹೆಸರು ಬಂದಾಗ ನಾನು ಕುಣಿದಾಡಿಬಿಟ್ಟೆ. ವಂದನಾರ್ಪಣೆಗೆ ಅಲ್ಲರೀ, ಉಪನ್ಯಾಸಕ್ಕೆ! ವಿಷಯ, 'ಕಂಡಿಕಿ ಸುತ್ತುವ ಹೆಂಗಸರು'.

ಗಜೇಂದ್ರಗಡ ನನ್ನ ತವರು. ಮಗ್ಗಗಳ ಊರು. ಲಾಳಿಯೊಳಗೆ ಕೂರಿಸುವ ನೂಲು ಸುತ್ತಿದ ಪುಟ್ಟ ಕಡ್ಡಿಗೆ ಅಲ್ಲಿ ಕಂಡಿಕಿ ಎನ್ನುತ್ತಾರೆ. ಅದಿಲ್ಲದೆ ಮಗ್ಗ ಒಂದೆಳೆಯನ್ನೂ ನೇಯುವುದಿಲ್ಲ. ಅದನ್ನು ಸುತ್ತುವವರು ಮನೆಯ ಹೆಂಗಸರು. ಸೀರೆ ಮುಗಿದಾಗ ಮಾತ್ರ "ಯಾರು ನೇಯ್ದಿದ್ದು?" ಎಂದರೆ ಗಂಡಸಿನ ಹೆಸರು ಬರುತ್ತದೆ. ನನ್ನ ಅವ್ವ ಗಂಗವ್ವ ಮದುವೆಯಾಗಿ ಬಂದ ದಿನದಿಂದ ನೂಲು ಸುತ್ತುವ ರಾಟಿಯ ಮುಂದೆ ಕೂತವಳು. ನನ್ನ ಪ್ರಬಂಧದ ಅರ್ಧ ಭಾಗ ಆಕೆಯ ಬಾಯಿಂದ ಬಂದದ್ದು, ಉಳಿದರ್ಧ ಆಕೆಯ ಗೆಳತಿಯರ ಬಾಯಿಂದ. ಫೋನಿನಲ್ಲಿ ಸುದ್ದಿ ಹೇಳಿದಾಗ ಆಕೆ ನಂಬಲೇ ಇಲ್ಲ.

"ಯುನಿವರ್ಸಿಟ್ಯಾಗ ಕಂಡಿಕಿ ಸುದ್ದಿ ಯಾರು ಕೇಳ್ತಾರ ಬಿಡ. ನಗತಾರ."

"ನಗೂದಿಲ್ಲವ್ವ. ಮೊದಲನೇ ಮಾತ ನಿನ್ನ ಹೆಸರಿಲೆ ಸುರು ಆಕ್ಕೇತಿ. ನೀನೂ ಬಾ."

"ಖರೇನ ನನ್ನ ಹೆಸರು ಹೇಳ್ತೀಯೇನ? ಮೈಕಿನ್ಯಾಗ?"

ಆ 'ಮೈಕಿನ್ಯಾಗ' ಎನ್ನುವಾಗ ಆಕೆಯ ದನಿ ಸಣ್ಣ ಹುಡುಗಿಯದಾಗಿತ್ತು. ಸಂಜೆಯೊಳಗೆ ಇಡೀ ಓಣಿಗೆ ಡಂಗುರ ಹೊಡೆದಿದ್ದಳು. ಇಟಗಿ ಭೀಮವ್ವನ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಬಂದು, ಉಪನ್ಯಾಸದ ದಿನ ಟ್ರಂಕಿನಿಂದ ತನ್ನ ಕಂಡಿಕಿಯಿಂದಲೇ ನೇಯ್ದ ಸೀರೆ ತೆಗೆದುಟ್ಟು, ನಸುಕಿನ ಬಸ್ಸಿಗೆ ಹೊರಟು ಬಂದಳು. ನಾನು ರೋಣದಲ್ಲಿ ಆಕೆಯ ಜೊತೆಯಾದೆ. ದಾರಿಯುದ್ದಕ್ಕೂ ನಾನು ಉಪನ್ಯಾಸ ಓದಿಕೊಂಡೆ. ಅವ್ವ ಸೆರಗು ಸರಿಮಾಡಿಕೊಂಡಳು.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅವ್ವನನ್ನು ಎರಡನೇ ಸಾಲಿನಲ್ಲಿ ಕೂರಿಸಿ, ನಾನು ವೇದಿಕೆಯ ತುದಿಯ ಕುರ್ಚಿಗೆ ಹೋದೆ. ಮೊದಲ ಸಾಲು ಗಣ್ಯರದು, ಅದು ಕೊನೆಯವರೆಗೂ ಖಾಲಿಯೇ ಇತ್ತು. ಕಾರ್ಯಕ್ರಮ ತಡವಾಗಿ ಶುರುವಾಯಿತು. ಮುಖ್ಯ ಅತಿಥಿಗಳನ್ನು ಪರಿಚಯಿಸಿದವರು ಯಾವುದೋ ಹಳೆಯ ಪರಿಚಯ ಓದಿಬಿಟ್ಟರು. ಅತಿಥಿಗಳು ಎದ್ದು ತಮ್ಮ ಭಾಷಣವನ್ನು ಪಕ್ಕಕ್ಕಿಟ್ಟು, ಆಮೇಲೆ ತಮಗೆ ಸಿಕ್ಕ ಹುದ್ದೆ, ಸದಸ್ಯತ್ವ, ಸನ್ಮಾನಗಳನ್ನು ಒಂದೊಂದಾಗಿ ಸೇರಿಸುತ್ತ ಆ ಪರಿಚಯವನ್ನು ತಿದ್ದಿದರು. ನಂತರದವರು "ಎರಡೇ ಎರಡು ಮಾತು" ಎಂದು ನಿಂತರು. ಆ ಎರಡು ಮಾತು ಮುಗಿಯುವಷ್ಟರಲ್ಲಿ ಹಿಂದಿನಿಂದ ಒಗ್ಗರಣೆಯ ವಾಸನೆ ಬಂತು. ಅವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು, ಯಾವಾಗ ಎಂದು. ನಾನು ಕೈಸನ್ನೆ ಮಾಡಿದೆ, ಈಗ ಎಂದು.

ಸಂಚಾಲಕರು ಬಾಗಿಕೊಂಡು ನನ್ನ ಕುರ್ಚಿಯ ಬಳಿ ಬಂದರು. "ಮೇಡಂ, ಟೈಮ್ ಭಾಳ ಆಗೇತ್ರಿ. ಊಟ ಆರಾಕತ್ತೇತಿ. ಮತ್ತ ವಂದನಾರ್ಪಣೆ ಮಾಡೂ ಸರ್ ಅತಿಥಿಗಳನ್ನ ರೈಲಿಗೆ ಬಿಡಾಕ ಹೋಗ್ಯಾರ. ಅದನ್ನ ನೀವ ಮಾಡಿಬಿಡ್ರಿ."

"ನನ್ನ ಉಪನ್ಯಾಸ, ಸರ್?"

"ಅಯ್ಯ, ಅದನ್ನೂ ಅದರಾಗ ಸೇರಿಸಿ ಬಿಡ್ರಲ್ಲ. ನಿಮಗೇನು ಹೇಳಿಕೊಡಬೇಕೇನ್ರಿ? ನೀವು ಎಕ್ಸ್‌ಪರ್ಟ್!"

ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎಂದು ಉಪನ್ಯಾಸದ ಕಾಗದಗಳನ್ನು ಅವರ ಮುಖಕ್ಕೆ ಎಸೆದು ಅವ್ವನ ಕೈಹಿಡಿದು ಹೊರಟುಬಿಡಬೇಕಿತ್ತು. ಆದರೆ ಅತಿಥಿ ಉಪನ್ಯಾಸಕಿಯರ ಸಿಟ್ಟು ನಾಲಗೆಯವರೆಗೆ ಬಂದು, ಮುಂದಿನ ವರ್ಷದ ನೇಮಕಾತಿಯನ್ನು ನೆನೆದು, ವಾಪಸು ಹೋಗುತ್ತದೆ. ಇರಲಿ, ಮೈಕು ಸಿಕ್ಕಿತಲ್ಲ ಎಂದುಕೊಂಡೆ. ನಾಲ್ಕು ದೊಡ್ಡ ಹೆಸರು ಮುಗಿಸಿ ಅವ್ವನ ಹೆಸರಿಗೆ ಬಂದು, ಅಲ್ಲಿಂದ ಕಂಡಿಕಿಗೆ ಇಳಿದು, ಹೇಳುವಷ್ಟು ಹೇಳಿಯೇ ತೀರುವುದು.

ವಂದನಾರ್ಪಣೆಗೆ ಒಂದು ಶಿಸ್ತು ಇದೆ. ವೇದಿಕೆಯಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಅಡುಗೆಯ ಒಲೆಯವರೆಗೆ ಇಳಿಯಬೇಕು. ನಡುವೆ ಒಂದು ಮೆಟ್ಟಿಲು ತಪ್ಪಿದರೂ ಯಾರದೋ ಮಾನ ಹೋಗುತ್ತದೆ. ಅಧ್ಯಕ್ಷರು ಆದರು. ಕುಲಸಚಿವರು ಆದರು. ಇನ್ನು ಅವ್ವ ಎಂದುಕೊಂಡರೆ, ವಿಭಾಗದ ಮುಖ್ಯಸ್ಥರು ಕತ್ತು ಉದ್ದ ಮಾಡಿ ಕೂತಿದ್ದರು. ಅವರಾದ ಮೇಲೆ ಅವರ ವಿರೋಧಿ ಬಣದವರನ್ನು ಬಿಡುವಂತಿರಲಿಲ್ಲ. ಪ್ರತಿ ಹೆಸರಿನ ಹಿಂದೆ ಇನ್ನೊಂದು ಹೆಸರು ಬಾಲ ಹಿಡಿದು ಬಂತು. ಮುಶಿಗೇರಿಯ ಹಗ್ಗ ಕಣ್ಣಮುಂದೆ ತೂಗಾಡುತ್ತಿತ್ತು. ರಂಗೋಲಿ ಹಾಕಿದವರು, ಚಹಾ ತಂದವರು, ಜನರೇಟರ್ ಕಾಯ್ದವರು, ಹೂವು ಕಟ್ಟಿದವರು. ಅವ್ವನನ್ನು ಯಾವ ಮೆಟ್ಟಿಲ ಮೇಲೆ ಕೂರಿಸಬೇಕೆಂದು ನನ್ನ ಇಷ್ಟು ವರ್ಷದ ಅನುಭವಕ್ಕೂ ತಿಳಿಯಲಿಲ್ಲ. ಧ್ವನಿವರ್ಧಕದವರನ್ನು ಹೆಸರು ಹಿಡಿದು ಹೊಗಳಿದೆ. ಕೊನೆಗೆ ಉಸಿರೆಳೆದುಕೊಂಡು, ಎರಡನೇ ಸಾಲಿನ ಕಡೆ ತಿರುಗಿ, "ಕೊನೆಯದಾಗಿ..." ಎಂದೆ.

ನಮ್ಮ ಕಡೆಯ ಯಾವ ಸಭೆಯಲ್ಲೇ ಆಗಲಿ, 'ಕೊನೆಯದಾಗಿ' ಎಂದರೆ ಧ್ವನಿವರ್ಧಕದವರು ರಾಷ್ಟ್ರಗೀತೆ ಹಾಕಬೇಕೆಂದು ಅರ್ಥ. ಅವರು ತಮ್ಮ ಹೆಸರು ಕೇಳಿದ ಹುರುಪಿನಲ್ಲಿ ತಕ್ಷಣ ಗುಂಡಿ ಒತ್ತಿದರು. ಸಭೆಯೆಲ್ಲ ಎದ್ದು ನಿಂತಿತು. ನಾನು ಬಾಯಿ ಮುಚ್ಚಿ ನೆಟ್ಟಗೆ ನಿಂತೆ. ಅವ್ವನೂ ಸೆರಗು ಹೊದ್ದು ನೆಟ್ಟಗೆ ನಿಂತಳು. ಗೀತೆ ಮುಗಿದದ್ದೇ ತಡ, ಮಂದಿ ಊಟದ ಕಡೆ ನುಗ್ಗಿದರು. ಕುಲಸಚಿವರು ಹೋಗುವಾಗ, "ಅದ್ಭುತ ಮೇಡಂ, ಒಬ್ಬರ ಹೆಸರೂ ಬಿಡಲಿಲ್ಲ!" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ರೋಣ ಹತ್ತಿರವಾದಾಗ ನನ್ನ ಕಡೆ ತಿರುಗಿದಳು.

"ಭಾಳ ಚಂದ ಮಾತಾಡಿದಿ ನೋಡ. ಚಹಾದವಂದು, ಹೂವಿನಾಕಿದು, ಎಲ್ಲಾರ ಹೆಸರೂ ಸ್ಪಷ್ಟ ಕೇಳಿದ್ವು. ನಂದು ಯಾವಾಗ ಬಂತೋ ಏನೋ, ನನಗ ಕೇಳಲಿಲ್ಲ. ನನ್ನ ಕಿವಿ ಹ್ವಾದ್ವು ಅನಸ್ತೇತಿ. ಓಣ್ಯಾಗ ಕೇಳಿದ್ರ ಏನ್ ಹೇಳ್ಲಿ? ನಾಳೆ ಒಂದೀಟು ದವಾಖಾನಿಗೆ ಹೋಗಿ ಬರೂಣೇನ?"

ನಾನು ಹೇಡಿಗಳು ಮಾಡುವಂತೆ ಫೋನು ತೆಗೆದು ನೋಡಿದೆ. ಸಂಚಾಲಕರ ಸಂದೇಶ ಬಂದಿತ್ತು. ಮುಂಬರುವ ಕಾರ್ಯಾಗಾರದ ಪ್ರಕಟಣೆ, ಅದರ ಕೆಳಗೆ ಒಂದು ಸಾಲು: 'ಮೇಡಂ, ಇನ್ನು ಮುಂದೆ ವಂದನಾರ್ಪಣೆ ಕಾಯಂ ನಿಮ್ಮದೇ.' ಇಂಥವರಿಗೆ ಏನು ಬರೆಯಬೇಕೋ ಅದೆಲ್ಲ ಕನ್ನಡದಲ್ಲಿ ಬೇಕಾದಷ್ಟಿದೆ, ಗಜೇಂದ್ರಗಡದ ಕನ್ನಡದಲ್ಲಿ ಇನ್ನೂ ಹೆಚ್ಚು. ಅವ್ವ ಪಕ್ಕದಲ್ಲಿ ಕಿವಿಗೆ ಕೈಯಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹಲ್ಲು ಕಚ್ಚಿ ಬರೆಯತೊಡಗಿದೆ. ಕಳಿಸಿದ ಮೇಲೆ ನೋಡಿಕೊಂಡರೆ, 'ಧನ್ಯವಾದಗಳು ಸರ್' ಎಂದಿತ್ತು.