ರೋಮ್‌ನಲ್ಲಿ ನೆಲ ನೋಡಿ ನಡೆಯಿರಿ

ಕಳೆದ ಬಕ್ರೀದ್ ರಜೆಯ ಎರಡನೇ ದಿನ ಬೆಳಗ್ಗೆ ಹತ್ತು ನಲವತ್ತಕ್ಕೆ ನಾನು ರೋಮ್ ನಗರದ ಪ್ಯಾಂಥಿಯನ್ ಎಂಬ ಪುರಾತನ ಗುಡಿಯೊಳಗೆ ತಲೆ ತಗ್ಗಿಸಿ ನಿಂತಿದ್ದೆ. ಸುತ್ತ ಇದ್ದ ನೂರಾರು ಜನ ಕತ್ತೆತ್ತಿ, ಗುಮ್ಮಟದ ನಡುವಿನ ದೊಡ್ಡ ಕಿಂಡಿಯಿಂದ ಇಳಿಯುತ್ತಿದ್ದ ಬಿಸಿಲನ್ನು ನೋಡುತ್ತಿದ್ದರು. ನಾನೊಬ್ಬನೇ ನೆಲ ನೋಡುತ್ತಿದ್ದೆ. ನನ್ನ ಹೆಂಡತಿಯೂ ಮೇಲೆಯೇ ನೋಡುತ್ತಿದ್ದಳು. ಅವಳಿಗೆ ಆ ಸ್ವಾತಂತ್ರ್ಯವಿದೆ, ಅವಳು ಅವರ ತಂಗಿ.

ಅವರು ಎಂದರೆ ನನ್ನ ಭಾವ. ರೋಮ್ ನಗರವನ್ನು ಅವರಷ್ಟು ಬಲ್ಲವರು ಕತಾರಿನ ಕನ್ನಡಿಗರಲ್ಲಿ ಇನ್ನೊಬ್ಬರಿಲ್ಲ. ಇದು ನಾಲ್ಕು ಕಡೆ ವಿಚಾರಿಸಿ ಬರೆಯುತ್ತಿರುವ ಮಾತು. ಅವರು ಈವರೆಗೆ ರೋಮಿಗೆ ಹೋಗಿಲ್ಲ. ಇದನ್ನೂ ವಿಚಾರಿಸಿಯೇ ಬರೆಯುತ್ತಿದ್ದೇನೆ.

ಪ್ಯಾಂಥಿಯನ್‌ನಲ್ಲಿ ನನ್ನ ಫೋನು ನಡುಗಿತು.

"ಎಲ್ಲಿದ್ದಿ?"

"ಪ್ಯಾಂಥಿಯನ್, ಭಾವ."

"ಮೇಲೆ ನೋಡ್ತಾ ಇದ್ದಿಯಾ?"

"ಇಲ್ಲ."

"ಹಾಂ. ನೆಲ ಸಮ ಉಂಟಾ?"

"ಸಮ ಕಾಣ್ತದೆ."

"ಸಮ ಅಲ್ಲ ಮಾರಾಯ. ಸಣ್ಣ ಉಬ್ಬು ಕೊಟ್ಟಿದ್ದಾರೆ. ಅಲ್ಲಲ್ಲಿ ಸಣ್ಣ ಸಣ್ಣ ತೂತು ಉಂಟು ನೋಡು. ಮಳೆ ಆ ಕಿಂಡಿಯಿಂದ ಬರ್ತದೆ, ಈ ತೂತಿನಲ್ಲಿ ಹೋಗ್ತದೆ. ಎರಡು ಸಾವಿರ ವರ್ಷ ಆಯ್ತು, ಒಂದು ಲೀಕೇಜ್ ಕಂಪ್ಲೇಂಟ್ ಇಲ್ಲ. ನಿಮ್ಮ ಬಾತ್‌ರೂಮಿನದ್ದು ನೆನಪುಂಟಾ?"

ಕಾವಲಿನವನು ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ. ನಮ್ಮ ಬಾತ್‌ರೂಮಿನ ವಿಷಯ ಅಲ್ಲಿಗೇ ನಿಂತಿತು.

ಭಾವ ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ಮೂಲ್ಕಿ ಕಡೆಯಿಂದ ದೋಹಾಕ್ಕೆ ಬಂದದ್ದು ಅಮೃತಶಿಲೆ ಹಾಸುವ ಕೆಲಸಕ್ಕೆ. ಈಗ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್. ಮುಂದಿನ ಮಾರ್ಚಿಗೆ ನಿವೃತ್ತಿ. ಮದೀನತ್ ಖಲೀಫಾ ಬಡಾವಣೆಯಲ್ಲಿ ಅವರ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಶುಕ್ರವಾರ ಊಟವಾದ ಕೂಡಲೇ ಬೇರೆಯವರ ವೀಸಾ ಫೈಲುಗಳು ಹರಡಿಕೊಳ್ಳುತ್ತವೆ. ಯುರೋಪಿಗೆ ಹೋಗುವವರು ಯಾವ ದಿನ ಎಲ್ಲೆಲ್ಲಿ ಸುತ್ತುತ್ತೇವೆಂದು ಬರೆದು ಅರ್ಜಿಯ ಜೊತೆ ಕೊಡಬೇಕು. ಉಳಿದವರು ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಕೊಡುತ್ತಾರೆ. ಭಾವನ ಪರಿಚಯ ಇರುವವರು ಭಾವನಿಂದ ಬರೆಸಿಕೊಳ್ಳುತ್ತಾರೆ. ಅದಕ್ಕೆ ಅವರು ತೆಗೆದುಕೊಳ್ಳುವುದು ಒಂದು ಚಹಾ, ಅದನ್ನು ಮಾಡಿಕೊಡುವುದೂ ಅವರ ಹೆಂಡತಿ, ನಮ್ಮ ಅತ್ತಿಗೆಯೇ.

ಮೊದಲ ಸಲ ರೋಮಿಗೆ ಹೋಗುವವರಿಗೆ ಅವರು ಕೊಟ್ಟ ಸಲಹೆಗಳಲ್ಲಿ ಕೆಲವನ್ನು ನನ್ನ ಫೈಲಿನಿಂದ ಯಥಾವತ್ತಾಗಿ ಕೊಡುತ್ತೇನೆ. "ಟ್ರೆವಿ ಕಾರಂಜಿ: ಬೆಳಗ್ಗೆ ಏಳಕ್ಕೆ. ನಾಣ್ಯ ಹಾಕುವುದು ನಿಮ್ಮಿಷ್ಟ. ಎದುರಿನ ಕಲ್ಲುಹಾಸು ನೋಡುವುದು ಕಡ್ಡಾಯ." "ಸ್ಪ್ಯಾನಿಷ್ ಮೆಟ್ಟಿಲು: ಕೂತರೆ ದಂಡ. ಹತ್ತಿ, ಇಳಿಯಿರಿ." "ಸಂತ ಪೀಟರನ ಚರ್ಚು: ಇಡೀ ದಿನ. ಮೆತ್ತನೆ ಅಡಿಯ ಚಪ್ಪಲಿ." ಜಗತ್ತೇ ಮುಗಿಬಿದ್ದು ನೋಡುವ ಕೊಲೋಸಿಯಂಗೆ ಅವರು ಬರೆದದ್ದು ಇಷ್ಟೇ: "ನೆಲ ಬಿದ್ದು ಹೋಗಿದೆ. ಅರ್ಧ ಗಂಟೆ ಸಾಕು."

ದುಖಾನ್‌ನಲ್ಲಿ ತೈಲದ ಕಂಪನಿಯಲ್ಲಿರುವ ಹುಬ್ಬಳ್ಳಿಯ ಇಂಜಿನಿಯರ್ ಒಬ್ಬರು ಇದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಅಲ್ರೀ ಸರ, ಅಷ್ಟ್ ದೂರ ಹೋಗಿ ನಾಕು ದಿನಾ ಬರೇ ನೆಲಾನ ನೋಡೂದೇನ್ರೀ?"

"ಮೇಲೆ ನೋಡ್ಲಿಕ್ಕೆ ದೋಹಾದಲ್ಲಿ ಟವರ್ ಕಡಿಮೆ ಉಂಟಾ ಇಂಜಿನಿಯರೇ?"

"ನಮ್ಮ ಮನ್ಯಾಕಿ ಕೊಲೋಸಿಯಂ ಮುಂದ ಫೋಟೋ ಬೇಕಂತಾಳ್ರೀ."

"ಫೋಟೋಕ್ಕೆ ಐದು ನಿಮಿಷ ಸೇರಿಸ್ತೇನೆ. ಖಲಾಸ್."

ಐದು ನಿಮಿಷ ಸೇರಿಸಿದರು ಕೂಡ. ಮಧ್ಯಾಹ್ನದ ಊಟದಿಂದ ಐದು ನಿಮಿಷ ಕಡಿಮೆ ಮಾಡಿದರು.

ಇಷ್ಟೇ ಆಗಿದ್ದರೆ ಇದನ್ನು ಸಾಧಾರಣ ಹುಚ್ಚು ಎಂದು ಬಿಡಬಹುದಿತ್ತು. ಆದರೆ ಭಾವನ ಪ್ರಕಾರ ಅರ್ಜಿಯ ಜೊತೆ ಕೊಟ್ಟ ಆ ಕಾಗದ ಕೋರ್ಟಿನಲ್ಲಿ ಮಾಡಿದ ಪ್ರಮಾಣಕ್ಕೆ ಸಮ. ಹತ್ತು ನಲವತ್ತಕ್ಕೆ ಪ್ಯಾಂಥಿಯನ್ ಎಂದು ಬರೆದುಕೊಟ್ಟ ಮೇಲೆ ಹತ್ತು ನಲವತ್ತಕ್ಕೆ ಅಲ್ಲಿರಬೇಕು. ಇಲ್ಲದಿದ್ದರೆ ಒಂದು ಸರಕಾರಕ್ಕೆ ಸುಳ್ಳು ಹೇಳಿದಂತೆ. ಅದಕ್ಕಾಗಿಯೇ ಫೋನು.

ಅಲ್ ರಯ್ಯಾನ್‌ನ ಒಂದು ಹೊಸ ಜೋಡಿ ಈ ಪ್ರಮಾಣವನ್ನು ಮುರಿಯಿತು. ಮೂರನೇ ದಿನ ಚರ್ಚಿನ ನೆಲ ನೋಡುವ ಬದಲು ರೈಲು ಹತ್ತಿ ಸಮುದ್ರ ನೋಡಲು ಹೋದರು. ಭಾವನ ಫೋನಿಗೆ ಆ ಹುಡುಗ ಸತ್ಯವನ್ನೇ ಹೇಳಿದ. ಅವರು ಮರಳಿದ ಮಾರನೇ ದಿನ ಭಾವ ಟೈ ಕಟ್ಟಿಕೊಂಡು ವೀಸಾ ಅರ್ಜಿ ಕೊಡುವ ಕೇಂದ್ರಕ್ಕೆ ಹೋಗಿ, "ನಾನು ಸಿದ್ಧಪಡಿಸಿದ ಕಾರ್ಯಕ್ರಮದ ಮೂರನೇ ದಿನದಲ್ಲಿ ಆದ ಬದಲಾವಣೆ ಕುರಿತು" ಎಂಬ ಒಂದು ಪುಟದ ವಿವರಣೆಯನ್ನು ಕೌಂಟರಿನಲ್ಲಿ ಕೊಟ್ಟರು. ಅಲ್ಲಿದ್ದ ನಮ್ಮ ಕರಾವಳಿ ಕಡೆಯ ಹುಡುಗಿ ಅದನ್ನು ಎರಡು ಸಲ ಓದಿದಳು.

"ಸರ್, ಅವರು ವಾಪಸ್ ಬಂದಿದ್ದಾರಲ್ಲ?"

"ಬಂದಿದ್ದಾರೆ."

"ಹಾಗಾದ್ರೆ ಪ್ರಾಬ್ಲಂ ಎಂತದು?"

"ಅದನ್ನೇ ನಾನು ಬರೆದದ್ದು," ಎಂದರಂತೆ ಭಾವ. ಅಷ್ಟೂ ಸಾಲದೆ ಆ ಪುಟದ ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಬಿದ್ದರು.

ಊರಿಂದ ನೆಂಟರು ಬಂದರೆ ದೋಹಾ ತೋರಿಸುವ ಕ್ರಮವೂ ಹೀಗೆಯೇ. ಮ್ಯೂಸಿಯಂ, ಸಮುದ್ರತೀರ ಯಾವುದೂ ಮೊದಲಲ್ಲ. ಮೊದಲು ಒಂದು ಕಚೇರಿ ಕಟ್ಟಡದ ಲಾಬಿ. ಸೆಕ್ಯುರಿಟಿಯ ನೇಪಾಳಿ ಇವರನ್ನು ಕಂಡ ಕೂಡಲೇ ಬಾಗಿಲು ತೆರೆಯುತ್ತಾನೆ. ಭಾವ ಬಗ್ಗಿ ಒಂದು ಕಲ್ಲನ್ನು ಬೀಗದ ಕೈಯಿಂದ ಟಣ್ ಎಂದು ಬಡಿಯುತ್ತಾರೆ, ಕಿವಿಗೊಡುತ್ತಾರೆ, ಎದ್ದು "ಯಲ್ಲಾ" ಎಂದು ಅರಬಿಯಲ್ಲಿ ಎಲ್ಲರನ್ನೂ ಹೊರಡಿಸುತ್ತಾರೆ. ನೆಂಟರಿಗೆ ಏನು ನೋಡಿದೆವೆಂದು ಗೊತ್ತಾಗುವುದಿಲ್ಲ. ಆ ಲಾಬಿಯ ನೆಲ ಭಾವನೇ ಹಾಸಿದ್ದು ಎಂದು ಕಾರಿನಲ್ಲಿ ಅತ್ತಿಗೆ ಹೇಳಬೇಕು.

ಅತ್ತಿಗೆಗೆ ರೋಮ್ ನೋಡಬೇಕೆಂಬ ಆಸೆ ಹುಟ್ಟಿದ್ದು ಆ ಊಟದ ಮೇಜಿನಿಂದಲೇ. ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಬೇರೆಯವರಿಗೆ ಹೇಳಿದ್ದನ್ನು ಕೇಳಿ ಕೇಳಿ ಅವರಿಗೂ ದಾರಿಗಳೆಲ್ಲ ಬಾಯಿಪಾಠ. ಬೀದಿಯ ನಲ್ಲಿಯ ಬಾಯಿಗೆ ಕೈ ಅಡ್ಡ ಹಿಡಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಾಟಲಿ ಕೊಳ್ಳಬೇಡ ಎಂದು ನನ್ನ ಹೆಂಡತಿಗೆ ಹೇಳಿಕೊಟ್ಟವರು ಅವರೇ. ಒಮ್ಮೆ ಭಾವನಲ್ಲಿ ಕೇಳಿಯೂ ಕೇಳಿದರು. ಭಾವ ಅವರನ್ನು ದೋಹಾದಲ್ಲೇ, ಒಳಗೆ ಕಾಲುವೆ ಹರಿಸಿ, ಛಾವಣಿಗೆ ಆಕಾಶದ ಚಿತ್ರ ಬರೆದು ಇಟಲಿಯಂತೆ ಮಾಡಿದ ಮಾಲ್‌ಗೆ ಕರೆದುಕೊಂಡು ಹೋದರು.

"ವೀಸಾ ಬೇಡ, ಪಾರ್ಕಿಂಗ್ ಫ್ರೀ. ಎಂತ ಕಡಿಮೆ?"

"ಇಟಲಿ ಕಡಿಮೆ," ಎಂದರು ಅತ್ತಿಗೆ.

ಆಮೇಲೆ ಕೇಳಿದಾಗಲೆಲ್ಲ ಭಾವನಲ್ಲಿ ಒಂದು ಉತ್ತರ ಸಿದ್ಧವಿರುತ್ತಿತ್ತು. ನಮ್ಮ ಪ್ಲಾನ್ ಇನ್ನೂ ಆಗಿಲ್ಲ. ಈ ವರ್ಷ ಸೆಕೆ. ಮುಂದಿನ ವರ್ಷ ಅಲ್ಲಿ ರಿಪೇರಿ ನಡೀತದಂತೆ. ನಾವು ರೋಮಿನಿಂದ ಬಂದ ಮೇಲೆ ಫೋಟೋಗಳನ್ನು ನೋಡುತ್ತ ಅತ್ತಿಗೆ ನನ್ನ ಹೆಂಡತಿಗೆ ಹೇಳಿದರು, "ಮಾರ್ಚಿಗೆ ಊರಿಗೆ ಹೋದ ಮೇಲೆ ಇವರನ್ನು ಮನೆಯಿಂದ ಎಬ್ಬಿಸ್ಲಿಕ್ಕೆ ದೇವರಿಂದಲೂ ಆಗುದಿಲ್ಲ. ಹೋಗುದಿದ್ರೆ ಈಗ ಹೋಗ್ಬೇಕು. ನೀನು ಅಪಾಯಿಂಟ್‌ಮೆಂಟ್ ತೆಗಿ."

ತೆಗೆದಳು. ಭಾವನಿಗೆ ತಿಳಿಸಿದ್ದು ಮೂರು ವಾರ ಮೊದಲು. ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಕಳೆದ ಭಾನುವಾರ ನಾಲ್ವರೂ ವೀಸಾ ಕೇಂದ್ರಕ್ಕೆ ಹೋದೆವು. ಭಾವನ ಫೈಲು ಎಂಟು ಬಣ್ಣದ ಚೀಟಿ ಅಂಟಿಸಿಕೊಂಡು ದಪ್ಪಗಿತ್ತು. ಕೌಂಟರಿನ ಹುಡುಗಿ ಅವರ ಗುರುತು ಹಿಡಿದು ನಕ್ಕಳು. ಭಾವ ನಗಲಿಲ್ಲ. ಕಾಗದಗಳೆಲ್ಲ ಸರಿಯಿದ್ದವು. ಉಳಿದದ್ದು ಬೆರಳಚ್ಚು. ಅತ್ತಿಗೆಯದ್ದು ಒಂದೇ ಸಲಕ್ಕೆ ಆಯಿತು. ಭಾವ ಬಲಗೈಯ ನಾಲ್ಕು ಬೆರಳನ್ನು ಗಾಜಿನ ಮೇಲಿಟ್ಟರು. ಕೆಂಪು ದೀಪ ಹತ್ತಿತು.

"ಸ್ವಲ್ಪ ಒತ್ತಿ ಸರ್."

ಕೆಂಪು. ಒರೆಸಿಕೊಂಡು ಇಟ್ಟರು. ಕೆಂಪು. ಎಡಗೈ. ಕೆಂಪು.

ಭಾವನ ಕಂಪನಿಯಲ್ಲಿ ಎಲ್ಲರೂ ಬೆರಳೊತ್ತಿ ಹಾಜರಿ ಹಾಕುತ್ತಾರೆ, ಅವರೊಬ್ಬರಿಗೆ ಮಾತ್ರ ಸಹಿ ಹಾಕುವ ಪುಸ್ತಕವಿದೆ. ಅದು ಹಿರಿತನಕ್ಕೆ ಕೊಟ್ಟ ಗೌರವ ಎಂದು ನಾವೆಲ್ಲ ತಿಳಿದಿದ್ದೆವು. ಇಪ್ಪತ್ತು ವರ್ಷ ಒದ್ದೆ ಸಿಮೆಂಟಿನಲ್ಲಿ ಕೈಯಾಡಿಸಿ, ಕಲ್ಲಿನ ಅಂಚು ಉಜ್ಜಿದವರ ಬೆರಳ ತುದಿಯಲ್ಲಿ ಗೆರೆಗಳು ಉಳಿಯುವುದಿಲ್ಲ ಎಂಬುದನ್ನು ನಾನು ಅಂದು ಹತ್ತಿರದಿಂದ ನೋಡಿದೆ.

"ಬರುದಿಲ್ಲ ಅದು," ಎಂದರು ಭಾವ, ಯಾರ ಮುಖವನ್ನೂ ನೋಡದೆ. "ಇವಳದ್ದು ಒಂದೇ ಕಳಿಸಿ. ಇವಳು ತಂಗಿಯ ಒಟ್ಟಿಗೆ ಹೋಗಿ ಬರಲಿ."

ಅತ್ತಿಗೆ ಬ್ಯಾಗಿನಿಂದ ಒಂದು ಕ್ರೀಮಿನ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದರು.

"ಕೈ ಕೊಡಿ."

"ಇದು ಎಲ್ಲಿತ್ತು?"

"ಮೂರು ವಾರದಿಂದ ನಿಮಗೆ ಒಂದು ಪ್ಲೇಟ್ ತೊಳೀಲಿಕ್ಕೆ ಬಿಟ್ಟಿದ್ದೇನಾ? ಬಟ್ಟೆ ಹಿಂಡ್ಲಿಕ್ಕೆ ಬಿಟ್ಟಿದ್ದೇನಾ? ಗೆರೆ ಮೂಡ್ಲಿ ಅಂತ. ಯಾಕೆ ಅಂತ ಕೇಳ್ಲಿಲ್ಲ ನೀವು."

"ಪ್ಲಾನ್ ಬರೀಲಿಕ್ಕೆ ಸಮಯ ಕೊಟ್ಟದ್ದು ಅಂತ ಗ್ರಹಿಸಿದೆ."

"ಸುಮ್ಮನೆ ನಿಲ್ಲಿ. ಆ ಬೆರಳು."

ಕೌಂಟರಿನ ಮುಂದೆ ನಿಂತು ಅವರು ಒಂದೊಂದೇ ಬೆರಳಿಗೆ ಕ್ರೀಮು ಹಚ್ಚಿ, ತಿಕ್ಕಿ, ಸೆರಗಿನ ತುದಿಯಿಂದ ಒರೆಸಿದರು. ಹಿಂದಿನ ಸಾಲಿನಲ್ಲಿ ಹನ್ನೊಂದು ಜನರಿದ್ದರು. ಹುಡುಗಿ ಮುಂದಿನ ಟೋಕನ್ ಕರೆಯಲಿಲ್ಲ.

ಎಡಗೈಯ ಬೆರಳುಗಳು ಆರನೇ ಸಲಕ್ಕೆ ಮೂಡಿದವು. ಬಲಗೈಯದ್ದು ಒಂಬತ್ತನೇ ಸಲಕ್ಕೆ, ಹೆಬ್ಬೆರಳೊಂದನ್ನು ಬಿಟ್ಟು. ಆ ಜಾಗದಲ್ಲಿ ಹುಡುಗಿ ಅಚ್ಚು ಮೂಡಲಿಲ್ಲವೆಂದು ಒಂದು ಸಾಲು ಟೈಪ್ ಮಾಡಿ, ಇಬ್ಬರ ಪಾಸ್‌ಪೋರ್ಟುಗಳನ್ನೂ ಒಂದೇ ಲಕೋಟೆಗೆ ಹಾಕಿದಳು. ಇದನ್ನು ಬರೆಯುತ್ತಿರುವ ಗುರುವಾರ ಸಂಜೆಯವರೆಗೆ ಎರಡೂ ಅರ್ಜಿಗಳು ಪರಿಶೀಲನೆಯಲ್ಲಿವೆ.