ಮೂರನೆಯ ಚಿವುಟು

ನನ್ನ ಎಡತೋಳಿನ ತುಂಬ ಸಣ್ಣ ಸಣ್ಣ ನೀಲಿ ಕಲೆಗಳಿದ್ದವು. ಡಾಕ್ಟರು ನೋಡಿದ್ದರೆ ಸೊಳ್ಳೆ ಎನ್ನುತ್ತಿದ್ದರು, ಪೊಲೀಸರು ನೋಡಿದ್ದರೆ ನನ್ನ ಹೆಂಡತಿ ಗೋದಾಳನ್ನು ವಿಚಾರಣೆಗೆ ಕರೆಯುತ್ತಿದ್ದರು. ನಿಜಕ್ಕೂ ಅವು ಕಲಾಸೇವೆಯಲ್ಲಿ ನಾನು ಗಳಿಸಿದ ಪದಕಗಳು.

ನನಗೆ ಎರಡು ಚಟ. ಒಂದು, ಹಾಡು ತುಂಬಿದ ಹಳೇ ಕಂಪನಿ ಶೈಲಿಯ ನಾಟಕ. ಬಾಣ ತಾಗಿ ಬಿದ್ದ ರಾಜ ಸಾಯುವ ಮುಂಚೆ ಒಂದು ಪೂರ್ತಿ ಹಾಡು ಹಾಡುತ್ತಾನೆ; ಸತ್ತ ಮೇಲೂ ಜನ 'ಒನ್ಸ್ ಮೋರ್' ಎಂದರೆ ಎದ್ದು, ಕಿರೀಟ ಸರಿಮಾಡಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತಾನಲ್ಲ, ಅಂಥದ್ದು. ಎರಡು, ಯಾರೂ ನೋಡದ ಹಾಸ್ಯ ಚಿತ್ರಗಳು. ಗೆದ್ದ ಸಿನಿಮಾಕ್ಕೆ ಯಾರು ಬೇಕಾದರೂ ನಗಬಹುದು. ಮೂರೇ ದಿನ ಓಡಿದ್ದಕ್ಕೆ ನಗಲು ಸಂಸ್ಕಾರ ಬೇಕು. (ಗೋದಾ ಇದಕ್ಕೆ ಬೇರೆ ಪದ ಬಳಸುತ್ತಾಳೆ.)

ಎರಡು ಚಟಕ್ಕೂ ಜೊತೆಗಾರ ಒಬ್ಬನೇ, ನಾಗಭೂಷಣ. ಯಲಹಂಕದ ನಾಟಕ ತಂಡವೊಂದರ ಹಾರ್ಮೋನಿಯಂ ಮಾಸ್ಟರು. ನಾವು ಪರಿಚಯವಾದದ್ದು ಯಶವಂತಪುರದ ಟಾಕೀಸೊಂದರಲ್ಲಿ, 'ತಾಂಬೂಲಕ್ಕೆ ತಡವಾಯ್ತು' ಎಂಬ ಚಿತ್ರದ ಮ್ಯಾಟಿನಿಯಲ್ಲಿ. ಕತ್ತಲಲ್ಲಿ ನಗುತ್ತಿದ್ದವರು ಇಬ್ಬರೇ. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿದಾಗ ನೋಡಿದರೆ ಇದ್ದವರೂ ಇಬ್ಬರೇ. ಇನ್ನು ನಿಲ್ಲಿಸಿಬಿಡ್ತೀವಿ ಎಂದು ಹೇಳಲು ಬಂದ ಗೇಟ್‌ಕೀಪರನನ್ನೂ ನಡುವೆ ಕೂರಿಸಿಕೊಂಡು ಪೂರ್ತಿ ನೋಡಿದೆವು. ಅಂದಿನಿಂದ ಅವನು ನುಡಿಸುವ ಪ್ರತಿ ನಾಟಕಕ್ಕೂ ಮೊದಲನೇ ಸಾಲಿನಲ್ಲಿ, ಅವನ ಹಾರ್ಮೋನಿಯಂ ಪೆಟ್ಟಿಗೆಯ ಎದುರಿಗೇ ನನ್ನ ಆಸನ.

ಹೀಗಿರುವಾಗ ನನ್ನ ಬಲಗಿವಿ ರಾಜೀನಾಮೆ ಕೊಟ್ಟಿತು. ಎಡಗಿವಿ ನೋಟಿಸ್ ಪೀರಿಯಡ್ಡಿಗೆ ಬಂತು. ಗೋದಾ ಹುಳಿಗೆ ಉಪ್ಪು ಸಾಕಾ ಎಂದರೆ ನನಗೆ ಹುಲಿಗೆ ತುಪ್ಪ ಬೇಕಾ ಎಂದು ಕೇಳಿಸತೊಡಗಿತು. ಆದರೆ ಒಪ್ಪಿಕೊಳ್ಳುವುದು ಹೇಗೆ? ಗುಮಾಸ್ತ ಕಿವುಡನಾದರೆ ಅವನಿಗೆ ಲಾಭವೇ ಉಂಟು. ಹಾಡಿನ ಹುಚ್ಚನೇ ಕಿವುಡನಾದರೆ ಅವನಲ್ಲಿ ಮಿಕ್ಕುವುದೇನು? ಅದಕ್ಕಿಂತ, ನಾಗಭೂಷಣನಿಗೆ ತಿಳಿದರೆ? ಇಷ್ಟು ದಿನ ಕಂಬಕ್ಕೆ ನುಡಿಸಿದೆನಲ್ಲ ಎಂದು ಆತ ನೊಂದುಕೊಂಡರೆ?

ಆಗ ಅವತರಿಸಿದ್ದೇ ಚಿವುಟುಶಾಸ್ತ್ರ. ಗೋದಾ ಪಕ್ಕದಲ್ಲಿ ಕೂತು ಒಮ್ಮೆ ಚಿವುಟಿದರೆ ನಗಬೇಕು. ಎರಡನೇ ಸಲಕ್ಕೆ 'ವಾಹ್'. ಮೂರನೇ ಸಲಕ್ಕೆ 'ಒನ್ಸ್ ಮೋರ್'. ಉಳಿದ ಹೊತ್ತು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ಕಣ್ಣು ಮುಚ್ಚಿದವನೇ ರಸಿಕ ಎಂದು ಲೋಕ ನಂಬಿದೆ. ವಿಚಿತ್ರವೆಂದರೆ, ಹಾಡು, ಮಾತು, ಚಪ್ಪಾಳೆ ಎಲ್ಲ ಅಳಿಸಿಹೋದರೂ ನಾಗಭೂಷಣನ ಹಾರ್ಮೋನಿಯಂ ಮಾತ್ರ ದೂರದ ದುಂಬಿಯಂತೆ ಎಡಗಿವಿಗೆ ಸಿಗುತ್ತಿತ್ತು. ಗೆಳೆತನಕ್ಕೆ ನನ್ನ ಕಿವಿ ತೋರಿದ ನಿಷ್ಠೆ ಎಂದುಕೊಂಡಿದ್ದೆ.

ನಾಟಕ ಮುಗಿದ ಮೇಲೆ "ಹೆಂಗಿತ್ತು ಗುರು?" ಎನ್ನುತ್ತಿದ್ದ. ತುಟಿ ನೋಡಿಯೇ ತಿಳಿಯುತ್ತಿತ್ತು.

"ಕಿವಿ ತುಂಬ್ತು ಕಣೋ."

ಅವನು ಮಂಡಿ ತಿಕ್ಕಿಕೊಳ್ಳುತ್ತ ನಗುತ್ತಿದ್ದ. ಕಾಲಲ್ಲಿ ತುಳಿದು ಗಾಳಿ ತುಂಬುವ ಹಾರ್ಮೋನಿಯಂ ಅದು. ಈಚೆಗೆ ಅವನಿಗೆ ವಿಪರೀತ ಮಂಡಿನೋವು. ನಾನೇ ಎಳ್ಳೆಣ್ಣೆ ತಂದುಕೊಟ್ಟು, "ಅಷ್ಟ್ಯಾಕೋ ತುಳೀತೀಯ? ಮೆಲ್ಲಗೆ ತುಳಿ" ಎಂದು ಉಪದೇಶವನ್ನೂ ಉಚಿತವಾಗಿ ಕೊಟ್ಟಿದ್ದೆ.

ಹೋದ ಮಾಘದಲ್ಲಿ ನಾಗಭೂಷಣ ತೀರಿಕೊಂಡ. ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ.

ಅವನ ನೆನಪಿಗೆ ನಾಟಕ ಆಡುತ್ತೇವೆ, ಬನ್ನಿ ಎಂದು ತಂಡದವರು ಕರೆದರು. ಆರ್.ಟಿ. ನಗರದಿಂದ ಹೊರಟ ನಮ್ಮ ಬಸ್ಸು ಹೆಬ್ಬಾಳದಲ್ಲಿ ನಿಂತಲ್ಲೇ ನಿಂತಾಗ ಗೋದಾ ನನ್ನ ಎಡಗಿವಿಗೆ ಬಾಯಿಟ್ಟಳು.

"ಕಿವಿಗೆ ಮೆಷಿನ್ ಹಾಕಿಸ್ಕೊಳ್ಳಿ ಅಂತ ಬಡ್ಕೋತಾನೇ ಇದೀನಿ."

"ಮೆಷಿನ್ನು ಮುದುಕರಿಗೆ ಕಣೇ."

"ನೀವೇನು ಹಾಲುಗಲ್ಲದ ಹಸುಳೆನಾ? ಮೊನ್ನೆ ಆಟೋದವನು ಎಲ್ಲಿಗೆ ಅಂದ್ರೆ, ಊಟ ಆಯ್ತಪ್ಪಾ ಅಂದ್ರಿ!"

"ಅದು ಸೌಜನ್ಯ."

"ನೋಡಿ, ಚಿವುಟೋದು ಇವತ್ತೇ ಕೊನೆ. ಒಂದು ಹಾಡನ್ನಾದ್ರೂ ನೆಮ್ಮದಿಯಾಗಿ ಕೇಳಿದೀನಾ ನಾನು? ನಿಮ್ಮನ್ನ ಆಡ್ಸೋದ್ರಲ್ಲೇ ನನ್ನ ಉಗುರು ಸವೆದುಹೋಯ್ತು!"

ಇಡೀ ಬಸ್ಸಿಗೆ ಕೇಳಿಸಿರಬೇಕು. ಕೆಂಪಾಪುರದಲ್ಲಿ ಇಳಿದ ಹೆಂಗಸೊಬ್ಬರು ನನ್ನ ತೋಳನ್ನು ಬಗ್ಗಿ ನೋಡಿಯೇ ಇಳಿದರು.

ಸಭಾಂಗಣದಲ್ಲಿ ನನ್ನ ಜಾಗ ಖಾಲಿ ಇತ್ತು. ಎದುರಿಗೆ ಅದೇ ಪೆಟ್ಟಿಗೆ, ಅದರ ಹಿಂದೆ ಇನ್ಯಾರೋ. ನೋಡಲಾರದೆ ಕಣ್ಣು ಮುಚ್ಚಿದೆ. ಅಂದು ಅದು ನಟನೆಯಾಗಿರಲಿಲ್ಲ.

ಮುಂದೆ ನಡೆದದ್ದನ್ನು ಗೋದಾ ಆಮೇಲೆ ಹೇಳಿದ್ದು. ರಾಜನ ಪಾತ್ರದ ಮುನಿರಾಜು ಕಿರೀಟ ಕೈಲಿ ಹಿಡಿದು ಬಂದು, ಅಗಲಿದ ಮಾಸ್ಟರಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕೆಂದು ಕೋರಿದನಂತೆ. ಸಭೆ ಎದ್ದಿತು. ನಾನು ಏಳಲಿಲ್ಲ. ಮೌನಕ್ಕೂ ಹಾಡಿಗೂ ನನ್ನ ಮಟ್ಟಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲವಲ್ಲ.

ಏಳಲಿ ಎಂದು ಗೋದಾ ಚಿವುಟಿದಳು.

"ಹ್ಹ ಹ್ಹ ಹ್ಹಾ!" ಎಂದು ನಕ್ಕೆ.

ಗಾಬರಿಯಾಗಿ ಇನ್ನೊಮ್ಮೆ ಚಿವುಟಿದಳು.

"ವಾಹ್!"

ಆಕೆಗೆ ದಿಕ್ಕೇ ತೋಚದೆ, ಚರ್ಮ ಕಿತ್ತುಬರುವಂತೆ ತಿರುಚಿ ಎಳೆದಳು. ಇಷ್ಟು ಗಟ್ಟಿಯಾಗಿ ಚಿವುಟಿದ್ದಾಳೆಂದರೆ ಹಾಡು ಇನ್ನೆಷ್ಟು ಚೆನ್ನಾಗಿರಬೇಕು! ಎರಡೂ ಕೈ ಮೇಲೆತ್ತಿ ಸಭಾಂಗಣ ನಡುಗುವಂತೆ ಗರ್ಜಿಸಿದೆ:

"ಒನ್ಸ್ ಮೋರ್!"

ಚಪ್ಪಾಳೆಯ ಗಾಳಿಯೂ ಸುಳಿಯಲಿಲ್ಲ. ಕಣ್ಣು ಬಿಟ್ಟೆ. ಸಭೆಗೆ ಸಭೆಯೇ ನಿಂತು ನನ್ನನ್ನು ನೋಡುತ್ತಿತ್ತು. ರಂಗದ ಮೇಲೆ ಹಾರ ಹಾಕಿದ ನಾಗಭೂಷಣನ ಫೋಟೋ, ಮುಂದೆ ದೀಪ, ದೀಪದ ಪಕ್ಕ ಅವನ ಹೆಂಡತಿ ಸುಬ್ಬಲಕ್ಷ್ಮಮ್ಮ. ಗೆಳೆಯನ ಸಾವಿಗೆ ನಾನು ಒನ್ಸ್ ಮೋರ್ ಕೇಳಿದ್ದೆ.

ಸುಬ್ಬಲಕ್ಷ್ಮಮ್ಮ ಮೆಟ್ಟಿಲಿಳಿದು ನನ್ನತ್ತ ಬಂದರು. ಕಪಾಳಕ್ಕೆ ಬಿಗಿದರೆ ಬಿಗಿಯಲಿ ಎಂದು ಕೆನ್ನೆ ಸಿದ್ಧ ಮಾಡಿಕೊಂಡೆ. ಆಕೆ ನನ್ನ ಎಡಗಿವಿಗೆ ಬಾಗಿ ಹೇಳಿದರು:

"ಹಾಡೋರಿಗೆ ಎಲ್ರೂ ಅಂತಿದ್ರು, ವೇಣು ಅಣ್ಣ. ಪೆಟ್ಟಿಗೆ ಬಾರ್ಸೋರಿಗೆ ಯಾರೂ ಯಾವತ್ತೂ ಒನ್ಸ್ ಮೋರ್ ಅಂದಿರ್ಲಿಲ್ಲ. ನೀವಾದ್ರೂ ಅಂದ್ರಲ್ಲ."

ಆಕೆ ವಾಪಸು ಹೋದ ಮೇಲೆ ಹೊಳೆಯಿತು: ನನಗೆ ಎಡಗಿವಿಯೇ ಆಗಬೇಕೆಂದು ಇವರಿಗೆ ಹೇಗೆ ಗೊತ್ತು?

ಮರುದಿನವೇ ಹೋಗಿ ಮೆಷಿನ್ ಹಾಕಿಸಿಕೊಂಡೆ. ನೀರು ತಾಗಿಸಬೇಡಿ ಎಂದು ಅಂಗಡಿಯವರು ಎಚ್ಚರಿಸಿದರು. (ಎಂದರೆ ಮಲಗಿಕೊಂಡು ಅಳುವಂತಿಲ್ಲ.) ಮನೆಗೆ ಬಂದರೆ ಫ್ಯಾನು ಮಾತಾಡುತ್ತಿತ್ತು, ಕುಕ್ಕರು ಬೊಬ್ಬಿಡುತ್ತಿತ್ತು. ಗೋದಾ ಸಣ್ಣ ದನಿಯಲ್ಲಿ ಏನೋ ಹಾಡು ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದೇ ನನಗೆ ಮರೆತುಹೋಗಿತ್ತು.

ಅದೇ ವಾರ, ಮೆಷಿನ್ನಿನ ಸುದ್ದಿ ಗೋದಾಳಿಂದ ತಿಳಿದ ಸುಬ್ಬಲಕ್ಷ್ಮಮ್ಮ ವಾಟ್ಸ್ಯಾಪಿನಲ್ಲಿ ಒಂದು ರೆಕಾರ್ಡಿಂಗ್ ಕಳಿಸಿದರು. 'ಈಗ ಕೇಳಿಸತ್ತಲ್ಲ, ಕೇಳಿ' ಎಂದು ಬರೆದಿದ್ದರು. ಯಾವುದೋ ರಿಹರ್ಸಲ್ಲಿನದು. ಹಾರ್ಮೋನಿಯಂ ಗುಡುಗಿನ ಹಾಗೆ ಮೊರೆಯುತ್ತಿದೆ, ತುಳಿಯುವ ಹಲಗೆ ಕಿರ್ರೆನ್ನುತ್ತಿದೆ. ನಡುವೆ ಮುನಿರಾಜುವಿನ ದನಿ:

"ಒಸಿ ಮೆತ್ತಗೆ ಬಾರ್ಸಿ ಮಾಸ್ಟ್ರೇ! ಇಂಗೆ ಬಾರ್ಸಿದ್ರೆ ನನ್ನ ಹಾಡು ಯಾರಿಗೂ ಕೇಳಾಕಿಲ್ಲ. ಜನ ಬೈತಾವ್ರೆ."

ಆಮೇಲೆ, ಏದುಸಿರಿನ ನಡುವೆ ನಾಗಭೂಷಣ:

"ಬೈಲಿ ಬಿಡಪ್ಪ. ಮೊದಲನೇ ಸಾಲಲ್ಲಿ ವೇಣು ಕೂತಿರ್ತಾನೆ. ಅವನ ಎಡಗಿವೀಲಿ ಇನ್ನೂ ಒಂಚೂರು ಜೀವ ಇದೆ. ನಾನು ಎಷ್ಟು ತುಳಿದ್ರೆ ಅವನಿಗೆ ಅಷ್ಟು ಸಿಗತ್ತೆ. ನಮಗ್ಯಾರಿಗೂ ಗೊತ್ತಿಲ್ಲ ಅನ್ಕೊಂಡಿದಾನೆ, ಪಾಪ. ಅವನ ಹತ್ರ ಬಾಯಿ ಬಿಟ್ಟೀಯ ಮತ್ತೆ!"

ಮತ್ತೆ ಕಿರ್ರ್, ಕಿರ್ರ್. ಆ ಮಂಡಿಗೇ ಅಲ್ಲವೇ ನಾನು ಎಳ್ಳೆಣ್ಣೆ ತಂದುಕೊಟ್ಟು, ಮೆಲ್ಲಗೆ ತುಳಿ ಎಂದು ಬುದ್ಧಿ ಹೇಳಿದ್ದು!

ರೆಕಾರ್ಡಿಂಗ್ ನಿಂತಿತು. ಗೋದಾ ಮೊಬೈಲು ಹಿಡಿದೇ ಕೂತಿದ್ದಳು.

"ಯಾಕ್ರೀ, ಸೌಂಡ್ ಜಾಸ್ತಿ ಆಯ್ತಾ?"

"ಒನ್ಸ್ ಮೋರ್" ಎಂದೆ.

ಅವಳು ಚಿವುಟಿರಲಿಲ್ಲ.