ಬನ್ನಿ ಹಬ್ಬದ ದಿನ ಏಳದ ಕಂಪ್ಯೂಟರು

"ನೋಡ್ಕೋತ ಇರು, ಇವತ್ತ ಈ ಕಂಪ್ಯೂಟರಿಗೆ ನಾನೇ ಡಾಕ್ಟರ್! ಶಹಾಪುರದ ಅಮೀನುದ್ದೀನನ ರಿಪೇರಿ ಅಂಗಡಿ ಕಟ್ಟಿ ಹತ್ತಂಗಿಲ್ಲ!"

ಸುರಪುರದ ಇಂಗ್ಲಿಷ್ ಮಾಸ್ತರ ದೇವಿಂದ್ರಪ್ಪನವರು ಹೀಗೆ ಗುಡುಗಿದ್ದು ಬನ್ನಿ ಹಬ್ಬದ ಬೆಳಿಗ್ಗೆ. ಕೆನಾಲ್ ನೀರಿನ ಭತ್ತ ಮಾರಿ ತಂದ ಕಂಪ್ಯೂಟರು ಅದು. ಹಿಂದಿನ ದಿನ ಆಯುಧ ಪೂಜೆಯಲ್ಲಿ ಕುಡುಗೋಲು, ಕೊಡಲಿಗಳ ಸಾಲಿನಲ್ಲಿ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಬೀಗರಂತೆ ಕೂತಿತ್ತು. ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚುವ ಪೆನ್‌ಡ್ರೈವೂ ಆಯುಧವೇ ತಾನೇ? ಸಣ್ಣ ವಸ್ತು, ಕಳೆದೀತೆಂದು ಮಾಸ್ತರರೇ ಅದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿ, "ಬನ್ನಿ ಕೊಡೂತನಕ ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಹುಕುಂ ಹೊರಡಿಸಿದ್ದರು.

ಬೆಳಿಗ್ಗೆ ಗುಂಡಿ ಒತ್ತಿದರೆ ಕರಿ ಪರದೆ. ಮೇಲೊಂದು ಸಾಲು ಇಂಗ್ಲಿಷು, ಅಷ್ಟೆ!

"ಏನ್ ಬರದದರೀ ಅಲ್ಲಿ?" ಎಂದಳು ಹೆಂಡತಿ ರೇಣಮ್ಮ.

"ಓದೂದೇನದ ಅದ್ರಾಗ? ವಿಂಡೋಸ್ ಸತ್ತದ! ಕಂಪ್ಯೂಟರ್ ಎಬ್ಬಸೂ ಬೂಟೇಬಲ್ ಪೆನ್‌ಡ್ರೈವ್ ಮಾಡಿ, ಹೊಸಾ ವಿಂಡೋಸ್ ಹಾಕಿ ಜೀವ ತುಂಬ್ತೀನಿ."

ಹೊಸ ಪೆನ್‌ಡ್ರೈವ್ ಹಿಡಿದು ಪಕ್ಕದ ಮನೆಯ ಲಿಂಗಣ್ಣನ ಕಂಪ್ಯೂಟರಿಗೆ ಲಗ್ಗೆ ಇಟ್ಟರು. ವಿಂಡೋಸ್ ಫೈಲನ್ನು ಅದಕ್ಕೆ ಕಾಪಿ ಮಾಡಿ ತಂದು ಚುಚ್ಚಿದರೆ ಕಂಪ್ಯೂಟರು ಕಣ್ಣೆತ್ತಿಯೂ ನೋಡಲಿಲ್ಲ.

"ಮಾಸ್ತರ್, ಬರೀ ಕಾಪಿ ಹೊಡದ್ರ ಬೂಟ್ ಆಗಂಗಿಲ್ರಿ. ಅದಕ್ಕ ಬ್ಯಾರೆ ಸಾಫ್ಟ್‌ವೇರ್ ಬೇಕು," ಎಂದ ಹಿಂದೆಯೇ ಬಂದಿದ್ದ ಲಿಂಗಣ್ಣ.

"ಗೊತ್ತು ಬಿಡಪ್ಪ! ಪರೀಕ್ಷಾ ಮಾಡಿದೆ!"

ಮತ್ತೆ ಓಡಾಟ. ಲಿಂಗಣ್ಣನ ಮನೆಯ ಹೋಳಿಗೆಯೂ ಆಯಿತು, ಚಹಾವೂ ಆಯಿತು, ಕಡೆಗೆ ಪೆನ್‌ಡ್ರೈವೂ ಆಯಿತು. ಮನೆಗೆ ತಂದು ಚುಚ್ಚಿದರೆ ನೀಲಿ ಪರದೆ ಝಗ್ಗನೆ ಬಂತು! ಮಾಸ್ತರರ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು.

"ಹಳೇದೆಲ್ಲಾ ಅಳಸಲೇನು ಅಂತ ಕೇಳಾಕತ್ತದ. ಅಳಸು ಅಂತೀನಿ!"

ಬೆರಳು ಗುಂಡಿಯ ಮೇಲೆ ಇಳಿಯುವುದರಲ್ಲಿತ್ತು.

"ತಡೀರಿ!" ರೇಣಮ್ಮ ಚೀರಿದಳು. "ನಮ್ಮವ್ವನ ಹಾಡು ಅದ್ರಾಗೇ ಅದಾವಲ್ರೀ!"

ಮಾಸ್ತರರು ಬೆರಳು ಹಿಂದೆಳೆದುಕೊಂಡರು. ಕೊಂಕಲ್‌ನ ಅತ್ತೆ ಹಣಮಮ್ಮ ಹೋದ ವರ್ಷ ತೀರಿಕೊಂಡಿದ್ದರು. ಅವರು ಹಾಡಿದ ಮದುವೆ ಹಾಡುಗಳನ್ನು ಹಿಡಿದಿಟ್ಟದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ಆ ದನಿ ಬೇರೆಲ್ಲೂ ಇರಲಿಲ್ಲ. ಮಾಸ್ತರರು ಹೊಸ ಪೆನ್‌ಡ್ರೈವ್ ಕಿತ್ತು, ಸ್ವಿಚ್ ಆರಿಸಿ, ಬೆವರು ಒರೆಸಿಕೊಂಡು ಕೂತರು. ಒಂದು ಚಣ ತಪ್ಪಿದ್ದರೆ ಅತ್ತೆಯನ್ನು ಎರಡನೇ ಸಲ ಮಣ್ಣು ಮಾಡುತ್ತಿದ್ದರು!

"ಸಾಕು ನಿಮ್ಮ ಡಾಕ್ಟರಕಿ," ರೇಣಮ್ಮನ ಕಣ್ಣಲ್ಲಿ ನೀರಿತ್ತು. "ನಾಳಿ ಅಮೀನುದ್ದೀನನ ಅಂಗಡಿಗೆ ಒಯ್ರಿ. ಈಗ ಆ ಟ್ರ್ಯಾಕ್ಟರಿನ ಪೆನ್‌ಡ್ರೈವ್ ಬಿಚ್ಚಿ ಕೊಡ್ರಿ, ಬನ್ನಿ ಮುಡಿಯಾಕ ಹೋಗೂಮುಂದ ಹಾಡು ಬೇಕು."

ಮಾಸ್ತರರು ಬೆನ್ನಿನ ಪೆನ್‌ಡ್ರೈವ್ ಬಿಚ್ಚಿ ಕೊಟ್ಟರು. ಮನಸ್ಸು ತಡೆಯದೆ ಇನ್ನೊಮ್ಮೆ ಗುಂಡಿ ಒತ್ತಿದರು.

ಕಂಪ್ಯೂಟರು ಟಣ್ಣನೆ ಎದ್ದಿತು! ವಿಂಡೋಸ್ ಸತ್ತಿರಲೇ ಇಲ್ಲ. ಬೆನ್ನಿಗೆ ಚುಚ್ಚಿದ ಹಾಡಿನ ಪೆನ್‌ಡ್ರೈವಿನಲ್ಲಿ ವಿಂಡೋಸ್ ಹುಡುಕುತ್ತ ಅದು ಅಲ್ಲೇ ನಿಂತುಬಿಟ್ಟಿತ್ತು. "ಅದನ್ನು ತೆಗೆದು ಮತ್ತೆ ಒತ್ತಿ" ಎಂದೇ ಆ ಒಂದು ಸಾಲು ಬೆಳಿಗ್ಗೆಯಿಂದ ಅಂಗಲಾಚುತ್ತಿತ್ತು. ಇಂಗ್ಲಿಷ್ ಮಾಸ್ತರರು ಓದಿರಲಿಲ್ಲ!

ರೇಣಮ್ಮ ಹಾಕಿಸಿದ ಮೊದಲ ಹಾಡು, ಬೀಗರನ್ನು ಕಾಡುವ ಹಾಡು. ಅತ್ತೆಯ ಗಟ್ಟಿ ದನಿ ಮನೆ ತುಂಬಿತು:

"ಜಾಣಂದ್ರ ಜಾಣ ನಮ್ಮ ಅಳಿಯಾ ಸೋ ಸೋ
ಕಾಲಾಗಿನ ಮುಳ್ಳು ತೆಗಿ ಅಂದ್ರ
ಕಾಲೇ ಕಡೀತೀನಂದ ಸೋ ಸೋ"

ರೇಣಮ್ಮ ಕಣ್ಣೊರೆಸಿಕೊಂಡು ನಕ್ಕಳು. "ನಮ್ಮವ್ವಗ ಆವತ್ತೇ ಗೊತ್ತಿತ್ತು ನೋಡ್ರಿ!"